ಕೊಡೆಗೊಂದು ತೂತು

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗಳು ಒಂದು ಸಂಜೆ ಅಂಗಳದಿಂದ ಒಳಗೆ ಬಂದವಳೇ ಪ್ಲಾಸ್ಟಿಕ್ ಮುದ್ದೆಯೊಂದನ್ನು ನನ್ನ ಮೇಜಿನ ಮೇಲೆ ಒಗೆದಳು. ‘ಇದು ಪ್ಯಾರಾಚೂಟ್ ಅಲ್ಲ ಮಾಮ, ಉಯ್ಯಾಲೆ’ ಎಂದಳು. ಹಿಂದೆಯೇ ಅವಳ ತಮ್ಮ. ಅವನ ಕೈಯಲ್ಲಿ ಬಟ್ಟೆ ಕ್ಲಿಪ್ಪು, ಕ್ಲಿಪ್ಪಿಗೆ ಸಿಕ್ಕಿಸಿದ ಆಟಿಕೆ ಸೈನಿಕ. ಸೈನಿಕನ ಒಂದು ಕಾಲು ಆಗಲೇ ಮುರಿದಿತ್ತು.

ಡ್ರೈಕ್ಲೀನಿಂಗ್ ಅಂಗಡಿಯವರು ರೇಷ್ಮೆ ಸೀರೆಗೆ ಹಾಕಿ ಕೊಟ್ಟಿದ್ದ ತೆಳು ಕವರನ್ನು ಚೌಕವಾಗಿ ಕತ್ತರಿಸಿ, ನಾಲ್ಕು ಮೂಲೆಗೆ ಹೊಲಿಗೆ ದಾರ ಕಟ್ಟಿದ್ದರು. ತಾರಸಿಯಿಂದ ಬಿಟ್ಟರೆ ಚೆನ್ನಾಗಿಯೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ಎಡಕ್ಕೆ ವಾಲುತ್ತದೆ, ಬಲಕ್ಕೆ ವಾಲುತ್ತದೆ, ವಾಲಾಟ ಹೆಚ್ಚುತ್ತಾ ಹೋಗಿ ಕೊನೆಗೆ ಮಗುಚಿ ಸೈನಿಕನನ್ನು ನೆಲಕ್ಕೆ ಕುಕ್ಕುತ್ತದೆ. ‘ಭಾರ ಜಾಸ್ತಿ ಆಯ್ತು’ ಎಂದು ತಮ್ಮನ ತೀರ್ಮಾನ. ‘ದಾರ ಸರಿ ಇಲ್ಲ’ ಎಂದು ಅಕ್ಕನದು.

‘ಕವರಿನ ನಟ್ಟನಡುವೆ ಒಂದು ತೂತು ಮಾಡಿ’ ಎಂದೆ.

ಇಬ್ಬರೂ ನನ್ನನ್ನೇ ನೋಡಿದರು. ‘ಕೊಡೆಗೆ ತೂತು ಮಾಡಿದ್ರೆ ನೆನೀತೀವಿ ಅಷ್ಟೆ’ ಎಂದ ತಮ್ಮ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗಾಳಿಯನ್ನು ಹಿಡಿದಿಡುವುದಕ್ಕೆಂದೇ ಮಾಡಿದ ವಸ್ತುವಿಗೆ ತೂತು ಕೊರೆಯುವುದು ಯಾವ ಬುದ್ಧಿವಂತಿಕೆ? ಆದರೆ ತೂತಿನವರೆಗೆ ಹೋಗಬೇಕಾದರೆ ನೋಟ್‌ಬುಕ್ಕಿನ ಹಾಳೆಯಿಂದ ಶುರು ಮಾಡಬೇಕು. ಮಾಡಿದೆವು. ಒಂದು ಸಂಜೆಯ ಆಟ ಮೂರು ದಿನ ನಡೆಯಿತು. ಖರ್ಚಾದದ್ದು ಒಂದು ಹಳೆಯ ಪೇಪರು, ಒಂದಿಷ್ಟು ಗೋಂದು.

ಒಂದೇ ಪುಸ್ತಕದಿಂದ ಎರಡು ಹಾಳೆ ಕೀಳಿ. ಒಂದನ್ನು ಉಂಡೆ ಮಾಡಿ, ಇನ್ನೊಂದು ಹಾಗೇ ಇರಲಿ. ಎರಡನ್ನೂ ಒಂದೇ ಎತ್ತರದಿಂದ ಒಟ್ಟಿಗೆ ಬಿಡಿ. ಉಂಡೆ ನೇರ ಇಳಿಯುತ್ತದೆ. ಹಾಳೆ ತೊನೆದಾಡಿಕೊಂಡು, ಮಂಚದ ಕೆಳಗೋ ಕುರ್ಚಿಯ ಹಿಂದೋ ಹೋಗಿ ಬೀಳುತ್ತದೆ. ‘ಭಾರದ್ದು ಬೇಗ ಬೀಳುತ್ತೆ’ ಎಂದು ಹೇಳಿದ್ದ ಹುಡುಗ ಇಲ್ಲಿ ತಡವರಿಸಿದ. ಉಂಡೆಯನ್ನು ಬಿಡಿಸಿ ಮತ್ತೆ ಹಾಳೆ ಮಾಡಿ ನೋಡಿದ. ತೂಕ ಎಲ್ಲಿಂದಲೂ ಬಂದು ಸೇರಿರಲಿಲ್ಲ.

ಇನ್ನೊಂದು ಆಟ. ದಪ್ಪ ಪುಸ್ತಕವೊಂದರ ಮೇಲೆ, ಅದಕ್ಕಿಂತ ತುಸು ಚಿಕ್ಕದಾದ ಹಾಳೆಯನ್ನು ಬರಿದೆ ಇಡಿ. ಅಂಟಿಸಬೇಡಿ. ಪುಸ್ತಕವನ್ನು ಮಟ್ಟಸವಾಗಿ ಹಿಡಿದು ಬಿಡಿ. ಈಗ ಹಾಳೆ ತೊನೆಯುವುದಿಲ್ಲ, ಪುಸ್ತಕದ ಬೆನ್ನಿಗೇ ಕೂತು ನೆಲ ಮುಟ್ಟುತ್ತದೆ. ದಾರಿಯಲ್ಲಿದ್ದ ಗಾಳಿಯನ್ನು ಪುಸ್ತಕ ಮೊದಲೇ ಸರಿಸಿಬಿಟ್ಟಿದೆ, ಹಾಳೆಗೆ ತಡೆ ಸಿಗಲಿಲ್ಲ. ‘ಪುಸ್ತಕಾನೇ ಎಳ್ಕೊಂಡು ಹೋಗಿರಬಹುದಲ್ವಾ?’ ಎಂದು ಹುಡುಗಿ ಕೇಳಿದಳು. ಆ ಅನುಮಾನವೂ ಸರಿಯೇ. ಜೋರಾಗಿ ಹೋಗುವ ಲಾರಿಯ ಹಿಂದೆ ಒಣಗಿದ ಎಲೆಗಳು ಓಡುತ್ತವಲ್ಲ, ಹಾಗೆ ಸ್ವಲ್ಪ ಸೆಳೆತ ಇಲ್ಲಿಯೂ ಇರುತ್ತದೆ. ಅನುಮಾನವಿಲ್ಲದೆ ತಿಳಿಯಬೇಕಾದರೆ ಗಾಳಿಯೇ ಇಲ್ಲದ ಕಡೆಗೆ ಹೋಗಬೇಕು.

ಅಂಥ ಕಡೆಗೂ ಒಬ್ಬರು ಹೋಗಿ ಬಂದಿದ್ದಾರೆ. 1971ರ ಆಗಸ್ಟ್ 2ರಂದು, ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ನೆಲದ ಮೇಲೆ ನಿಂತು, ಒಂದು ಕೈಯಲ್ಲಿ 1.3 ಕಿಲೋ ತೂಕದ ಸುತ್ತಿಗೆ, ಇನ್ನೊಂದರಲ್ಲಿ ಡೇಗೆ ಹಕ್ಕಿಯ ಗರಿ ಹಿಡಿದು, ಎರಡನ್ನೂ ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಅದರ ವಿಡಿಯೊ ಇಂದಿಗೂ ನೋಡಸಿಗುತ್ತದೆ, ಮಕ್ಕಳಿಗೆ ತೋರಿಸಿ.

ನನಗೆ ಮಾತ್ರ ಚಂದ್ರನ ಪ್ರಯೋಗಕ್ಕಿಂತ ಲಂಡನ್ನಿನದೇ ಹೆಚ್ಚು ಇಷ್ಟ. 1710ರಲ್ಲಿ, ಆಗಷ್ಟೇ ಕಟ್ಟಿ ಮುಗಿದಿದ್ದ ಸೇಂಟ್ ಪಾಲ್ಸ್ ಕೆಥೆಡ್ರಲಿನ ಗುಮ್ಮಟದೊಳಗಿನಿಂದ ಗಾಜಿನ ಗುಂಡುಗಳನ್ನು ಕೆಳಗೆ ಬೀಳಿಸಿ ನೋಡಿದರು, ಫಲಿತಾಂಶವನ್ನು ನ್ಯೂಟನ್ ತನ್ನ ಪುಸ್ತಕದಲ್ಲಿ ಬರೆದಿಟ್ಟ. ಎತ್ತರ 220 ಅಡಿ. ಕೆಲವು ಗೋಲಿ ಗಾತ್ರದವು, ಅವುಗಳೊಳಗೆ ಪಾದರಸ. ಕೆಲವು ಐದು ಇಂಚಿನವು, ಒಳಗೆ ಬರೀ ಗಾಳಿ. ಪಾದರಸದ ಗುಂಡಿಗೆ ನೆಲ ಮುಟ್ಟಲು ಸುಮಾರು 4 ಸೆಕೆಂಡು ಹಿಡಿಯಿತು, ಗಾಳಿ ತುಂಬಿದ ಗುಂಡಿಗೆ 8 ಸೆಕೆಂಡಿಗೂ ಮೇಲೆ. ಗಾಳಿಯೇ ಇಲ್ಲದಿದ್ದರೆ ಎರಡೂ ನಾಲ್ಕು ಸೆಕೆಂಡಿನೊಳಗೆ ಕೆಳಗಿರಬೇಕಿತ್ತು. ಉಳಿದ ಹೊತ್ತನ್ನೆಲ್ಲ ನುಂಗಿದ್ದು ಗಾಳಿ.

ಹಾಗೆ ನೋಡಿದರೆ ನಮ್ಮ ಹುಡುಗನ ‘ಭಾರದ್ದು ಬೇಗ ಬೀಳುತ್ತೆ’ ಎಂಬ ಮಾತು ದಡ್ಡತನದ್ದಲ್ಲ. ಹುಟ್ಟಿದಾಗಿನಿಂದ ಗಾಳಿಯಲ್ಲೇ ಇರುವವರಿಗೆ ಕಣ್ಣು ಕಲಿಸಿದ ಪಾಠ ಅದು. ಅದು ಅರ್ಧ ವಾಕ್ಯ, ಅಷ್ಟೆ. ಇಷ್ಟು ಅಗಲಕ್ಕೆ ಇಷ್ಟು ಭಾರ ಎಂದು ಲೆಕ್ಕ ಹಿಡಿದಾಗ ಅದು ಪೂರ್ತಿಯಾಗುತ್ತದೆ. ಪಾದರಸದ ಗುಂಡಿನಲ್ಲಿ ಗೋಲಿಯಷ್ಟು ಅಗಲಕ್ಕೆ ಬೇಕಾದಷ್ಟು ಭಾರವಿತ್ತು. ಪೊಳ್ಳು ಗುಂಡಿನಲ್ಲಿ ಅಗಲವೇ ಹೆಚ್ಚು.

ಇಷ್ಟಾದರೂ ಮಕ್ಕಳಿಗೆ ಗಾಳಿ ಎಂದರೆ ‘ಏನೂ ಇಲ್ಲ’ ಎಂದೇ ಅರ್ಥ. ಖಾಲಿ ಲೋಟ, ಖಾಲಿ ಕೋಣೆ ಎಂದು ನಾವೇ ಹೇಳಿಕೊಟ್ಟಿದ್ದೇವೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆಯಲ್ಲಿರುವ ಗಾಳಿಯನ್ನು ತೂಗಿದರೆ ಎಷ್ಟಾಗಬಹುದು ಎಂದು ಕೇಳಿದೆ. ‘ಹತ್ತು ಗ್ರಾಂ?’ ಎಂದ ಹುಡುಗ. ಕಡಲ ಮಟ್ಟದ ಮಂಗಳೂರಿನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.2 ಕಿಲೋಗೆ ಹತ್ತಿರ. ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಸ್ವಲ್ಪ ತೆಳು. ಆದರೂ ಆ ಕೋಣೆಯ ಗಾಳಿ ಸುಮಾರು 30 ಕಿಲೋ ತೂಗುತ್ತದೆ, ಅಂದರೆ 25 ಕಿಲೋ ಅಕ್ಕಿಮೂಟೆಗಿಂತ ಹೆಚ್ಚು. ಬೀಳುವ ಪ್ರತಿಯೊಂದು ವಸ್ತುವೂ ಈ ಅಕ್ಕಿಯ ರಾಶಿಯನ್ನು ಅಷ್ಟಷ್ಟೇ ಪಕ್ಕಕ್ಕೆ ಸರಿಸಿಕೊಂಡು ದಾರಿ ಮಾಡಿಕೊಳ್ಳಬೇಕು.

ಸರಿಸುವ ಕೆಲಸ ಎಷ್ಟು ಕಷ್ಟ ಎನ್ನುವುದು ಎಷ್ಟು ಅವಸರದಲ್ಲಿದ್ದೀರಿ ಎನ್ನುವುದರ ಮೇಲೆ ನಿಂತಿದೆ. ಗಾಳಿಯಲ್ಲಿ ಅಗಲವಾದ ವಸ್ತುವಿನ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ, ವೇಗ ಮೂರು ಪಟ್ಟಾದರೆ ತಡೆ ಒಂಬತ್ತು ಪಟ್ಟು. ಸೈಕಲ್ ತುಳಿಯುವವರಿಗೆ ಇದು ಮೊಣಕಾಲಿನಲ್ಲೇ ಗೊತ್ತು. ಹಾಗಾಗಿ ಮೇಲಿಂದ ಬೀಳುವ ಯಾವ ವಸ್ತುವೂ ಗಾಳಿಯಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗಲಾರದು. ವೇಗ ಏರಿದಂತೆ ತಡೆ ಏರುತ್ತದೆ. ಒಂದು ಹಂತದಲ್ಲಿ ಮೇಲಕ್ಕೆ ಒತ್ತುವ ಗಾಳಿಯೂ ಕೆಳಕ್ಕೆ ಎಳೆಯುವ ಭಾರವೂ ಸರಿಸಮವಾಗುತ್ತವೆ. ಅಲ್ಲಿಂದ ಮುಂದೆ ಒಂದೇ ವೇಗದ ಪ್ರಯಾಣ. ಪಠ್ಯಪುಸ್ತಕ ಇದನ್ನು ಅಂತಿಮ ವೇಗ ಎನ್ನುತ್ತದೆ.

ಈ ಲೆಕ್ಕ ಇಲ್ಲದಿದ್ದರೆ ಮಳೆಗಾಲದಲ್ಲಿ ಹೊರಗೆ ತಲೆ ಹಾಕುವಂತಿರಲಿಲ್ಲ. ಎರಡು ಕಿಲೋಮೀಟರ್ ಎತ್ತರದ ಮೋಡದಿಂದ ಹೊರಟ ಹನಿ, ಗಾಳಿಯ ತಡೆ ಇಲ್ಲದಿದ್ದರೆ, ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿ ಆಗುಂಬೆಯ ಹೆಂಚಿನ ಮೇಲೆ ಬೀಳುತ್ತಿತ್ತು. ನಿಜಕ್ಕೂ ಬೀಳುವ ದಪ್ಪ ಹನಿಯ ವೇಗ ಸೆಕೆಂಡಿಗೆ 9 ಮೀಟರ್ ಅಷ್ಟೆ, ಅಂದರೆ ಗಂಟೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಸೋನೆಮಳೆಯ ಹನಿ ಇನ್ನೂ ನಿಧಾನ. ಮೋಡದೊಳಗಿನ ಕಣವಂತೂ ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ಇಳಿಯುತ್ತದೆ, ಹಾಗಾಗಿಯೇ ಮೋಡ ಮೇಲೆ ನಿಂತಂತೆ ಕಾಣುತ್ತದೆ.

ಎರಡನೆಯ ದಿನದ ಆಟ ಇದನ್ನೇ ಅಳೆಯುವುದು. ತಿಂಡಿತಟ್ಟೆಯೊಂದನ್ನು ಹಳೆಯ ಪೇಪರಿನ ಮೇಲೆ ಬೋರಲಿಟ್ಟು ಸುತ್ತ ಗೆರೆ ಎಳೆಯಿರಿ. ಇಪ್ಪತ್ತು ಸೆಂಟಿಮೀಟರ್ ಅಗಲದ ತಟ್ಟೆಯಾದರೆ ಸಾಕು. ಒಂದೇ ಅಳತೆಯ ಐದು ವೃತ್ತ ಕತ್ತರಿಸಿ. ಪ್ರತಿಯೊಂದಕ್ಕೂ ಅಂಚಿನಿಂದ ನಡುವಿನವರೆಗೆ ಒಂದು ಸೀಳು ಕೊಟ್ಟು, ಸೀಳಿನ ಎರಡು ತುದಿಗಳನ್ನು ಎರಡು ಬೆರಳಿನಷ್ಟು ಒಂದರ ಮೇಲೊಂದು ಎಳೆದು ಗೋಂದು ಹಚ್ಚಿ. ಗದ್ದೆ ಕೆಲಸದವರು ಹಾಕಿಕೊಳ್ಳುವಂಥ ಚಪ್ಪಟೆ ಟೊಪ್ಪಿಯ ಆಕಾರ ಬರುತ್ತದೆ. ಚೂಪು ತುದಿ ಕೆಳಗೆ ಮಾಡಿ ಬಿಟ್ಟರೆ ಹಾಳೆಯಂತೆ ತೊನೆಯದೆ, ಗಂಭೀರವಾಗಿ, ನೇರವಾಗಿ ಇಳಿಯುತ್ತದೆ.

ಈಗ ನಾಲ್ಕು ಟೊಪ್ಪಿಗಳನ್ನು ಒಂದರೊಳಗೊಂದು ಕೂರಿಸಿ. ಅಗಲ, ಆಕಾರ ಒಂದೇ ಟೊಪ್ಪಿಯದು. ಭಾರ ಮಾತ್ರ ನಾಲ್ಕು ಪಟ್ಟು. ಒಂಟಿ ಟೊಪ್ಪಿಗಿಂತ ಇದು ಎಷ್ಟು ಬೇಗ ಬಿದ್ದೀತು? ಬಿಡುವ ಮೊದಲೇ ಮಕ್ಕಳಿಂದ ಉತ್ತರ ಬರೆಸಿ. ನಮ್ಮಲ್ಲಿ ಇಬ್ಬರೂ ‘ನಾಲ್ಕು ಪಟ್ಟು’ ಎಂದೇ ಬರೆದರು.

ಗೋಡೆಯ ಮೇಲೆ ಒಂದು ಮೀಟರಿಗೆ ಒಂದು ಗುರುತು, ಎರಡು ಮೀಟರಿಗೆ ಒಂದು ಗುರುತು ಹಾಕಿದೆವು. ಒಂಟಿ ಟೊಪ್ಪಿ ಹುಡುಗನ ಕೈಯಲ್ಲಿ ಒಂದು ಮೀಟರ್ ಎತ್ತರದಲ್ಲಿ. ನಾಲ್ಕರ ಗುಂಪನ್ನು ಹಿಡಿದು ಸ್ಟೂಲಿನ ಮೇಲೆ ನಾನು, ಎರಡು ಮೀಟರ್ ಎತ್ತರದಲ್ಲಿ. ಹುಡುಗಿ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊಗೆ ಸಿದ್ಧ. ಒಂದು, ಎರಡು, ಮೂರು. ಟಪ್, ಟಪ್. ಎರಡೂ ಹೆಚ್ಚುಕಡಿಮೆ ಜೊತೆಯಲ್ಲೇ ನೆಲ ಮುಟ್ಟಿದವು.

ಎರಡರಷ್ಟು ದೂರವನ್ನು ಅಷ್ಟೇ ಹೊತ್ತಿನಲ್ಲಿ ಇಳಿದಿದೆ ಎಂದರೆ ವೇಗ ಎರಡು ಪಟ್ಟು, ನಾಲ್ಕಲ್ಲ. ನಾಲ್ಕು ಪಟ್ಟು ಭಾರವನ್ನು ತಡೆಯಲು ನಾಲ್ಕು ಪಟ್ಟು ತಡೆ ಬೇಕು, ಎರಡು ಪಟ್ಟು ವೇಗಕ್ಕೇ ಅದು ಸಿಕ್ಕಿಬಿಡುತ್ತದೆ. ವರ್ಗಮೂಲವನ್ನು ಶಾಲೆಯಲ್ಲಿ ಇನ್ನೂ ಕಲಿಯದ ಹುಡುಗನಿಗೆ ಅದು ಟಪ್ ಟಪ್ ಎಂದು ಕೇಳಿಸಿತು.

ವಿಡಿಯೊವನ್ನು ನಿಧಾನವಾಗಿ ಓಡಿಸಿದಾಗ ಹುಡುಗಿಗೆ ಇನ್ನೊಂದು ವಿಷಯ ಕಂಡಿತು. ‘ನಾಲ್ಕರದ್ದು ಚೂರು ಲೇಟ್, ಮಾಮ.’ ಹೌದು, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡ. ಕೈಬಿಟ್ಟ ಕ್ಷಣದಲ್ಲಿ ಎರಡರ ವೇಗವೂ ಸೊನ್ನೆಯೇ. ಒಂಟಿ ಟೊಪ್ಪಿ ಒಂದು ಗೇಣು ಬೀಳುವಷ್ಟರಲ್ಲಿ ತನ್ನ ಅಂತಿಮ ವೇಗದ ಹತ್ತಿರ ಬಂದುಬಿಡುತ್ತದೆ, ಗುಂಪಿಗೆ ಅದಕ್ಕೆ ಇನ್ನಷ್ಟು ದೂರ ಬೇಕು. ಲೆಕ್ಕಕ್ಕೂ ನೆಲಕ್ಕೂ ನಡುವೆ ಇಂಥ ಸಣ್ಣ ವ್ಯತ್ಯಾಸ ಕಂಡಾಗ ‘ಇರಲಿ ಬಿಡು’ ಎನ್ನದೆ ಯಾಕೆ ಎಂದು ಕೇಳುವ ಮಕ್ಕಳು ಸಿಕ್ಕರೆ ಪ್ರಯೋಗ ಗೆದ್ದ ಹಾಗೆ.

ಮೂರನೆಯ ದಿನ ಮತ್ತೆ ಪ್ಯಾರಾಚೂಟು. ಈ ಸಲ ಶಿಸ್ತಾಗಿ ಮಾಡಿದೆವು. ತೆಳು ಕವರಿನಿಂದ 40 ಸೆಂಟಿಮೀಟರ್ ಬದಿಯ ಚೌಕ. ಮೂಲೆಗೆ ನಾಲ್ಕು, ಬದಿಗಳ ನಡುವೆ ನಾಲ್ಕು, ಒಟ್ಟು ಎಂಟು ದಾರ. ಮೂಲೆಯ ದಾರಗಳು ತಮ್ಮಲ್ಲಿ ಸಮ, ನಡುವಿನವು ತಮ್ಮಲ್ಲಿ ಸಮ. ಗಂಟು ಹಾಕುವ ಜಾಗಕ್ಕೆ ಸೆಲ್ಲೋಟೇಪ್ ಹಚ್ಚದಿದ್ದರೆ ಕವರು ಹರಿಯುತ್ತದೆ. ಭಾರಕ್ಕೆ ಮೂರು ಹತ್ತು ರೂಪಾಯಿ ನಾಣ್ಯ ಕಟ್ಟಿದ ಚಿಕ್ಕ ಪೊಟ್ಟಣ. ತಾರಸಿಯ ಅಂಚಿನಲ್ಲಿ ಬಿಡುವವರು ದೊಡ್ಡವರು, ಕೆಳಗೆ ಅಂಗಳದಲ್ಲಿ ಹೊತ್ತು ಅಳೆಯುವವರು ಮಕ್ಕಳು. ಇದರಲ್ಲಿ ರಾಜಿ ಬೇಡ. ಕರೆಂಟಿನ ತಂತಿ ಇರುವ ಕಡೆಗೂ ಬೇಡ.

ಪೊಟ್ಟಣವನ್ನಷ್ಟೇ ಬಿಟ್ಟರೆ ಆರು ಮೀಟರ್ ಇಳಿಯಲು ಒಂದು ಸೆಕೆಂಡಿಗಿಂತ ಚೂರು ಹೆಚ್ಚು. ಪ್ಯಾರಾಚೂಟು ಕಟ್ಟಿದರೆ ಎರಡೂವರೆ ಸೆಕೆಂಡಿನ ಆಚೀಚೆ. ಒಮ್ಮೆ ಬಿಟ್ಟು ಬರೆದುಕೊಂಡರೆ ಸಾಲದು. ಸ್ಟಾಪ್‌ವಾಚ್ ಒತ್ತುವ ಬೆರಳು ಯಾವಾಗಲೂ ಒಂದಿಷ್ಟು ಹಿಂದೆಮುಂದೆ ಆಗುತ್ತದೆ. ಪ್ರತಿಯೊಂದನ್ನೂ ಮೂರು ಸಲ ಬಿಟ್ಟು ಸರಾಸರಿ ಹಿಡಿಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ದಾರವನ್ನೂ ಉದ್ದ ಮಾಡಿ, ಭಾರವನ್ನೂ ಇಳಿಸಿದರೆ ಯಾವುದರಿಂದ ಏನಾಯಿತು ಎಂದು ಹೇಳುವವರು ಯಾರು?

ದಾರ ಎಂಟಾದ ಮೇಲೆಯೂ ಉಯ್ಯಾಲೆ ನಿಲ್ಲಲಿಲ್ಲ. ಯಾಕೆ ಎಂಬುದಕ್ಕೆ ಅಡುಗೆಮನೆಯಲ್ಲಿ ಉತ್ತರವಿತ್ತು. ಕುದಿಯುವ ಅನ್ನದ ಪಾತ್ರೆಗೆ ಪೂರ್ತಿ ಮುಚ್ಚಳ ಮುಚ್ಚಿದರೆ ಅದು ತಟಪಟ ಕುಣಿಯುತ್ತದೆ. ಒಳಗಿನ ಹಬೆ ಒಂದು ಕಡೆ ಮುಚ್ಚಳ ಎತ್ತಿ ನುಸುಳುತ್ತದೆ, ಅಲ್ಲಿ ಮುಚ್ಚಿಕೊಂಡಾಗ ಇನ್ನೊಂದು ಕಡೆ ಎತ್ತುತ್ತದೆ. ಪ್ಯಾರಾಚೂಟಿನ ಹೊಟ್ಟೆಯಲ್ಲಿ ತುಂಬಿಕೊಂಡ ಗಾಳಿಯೂ ಹೊರಗೆ ಹೋಗಲೇಬೇಕು. ಅದು ಒಮ್ಮೆ ಎಡ ಅಂಚಿನಿಂದ ಚೆಲ್ಲುತ್ತದೆ, ಒಮ್ಮೆ ಬಲದಿಂದ. ಚೆಲ್ಲಿದಾಗಲೆಲ್ಲ ಕೊಡೆ ವಾಲುತ್ತದೆ. ಮುಚ್ಚಳಕ್ಕೆ ಒಂದು ರಂಧ್ರವಿದ್ದರೆ ಕುಣಿತ ತಗ್ಗುವಂತೆ, ಕೊಡೆಯ ನಡುವೆ ಒಂದು ತೂತಿದ್ದರೆ ಗಾಳಿಗೆ ಖಾಯಂ ದಾರಿ ಸಿಗುತ್ತದೆ.

ಇದನ್ನು ಮನುಷ್ಯ ಕಲಿತದ್ದು ಬೆನ್ನುಮೂಳೆಯನ್ನು ಒತ್ತೆಯಿಟ್ಟು. 1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನ ಪಾರ್ಕ್ ಮೊನ್ಸೋದಲ್ಲಿ ಆಂದ್ರೆ ಜಾಕ್ ಗಾರ್ನರಾಂ ಎಂಬಾತ ಬಲೂನಿನಲ್ಲಿ ಸುಮಾರು ಒಂದು ಕಿಲೋಮೀಟರ್ ಮೇಲೇರಿ, ಹಗ್ಗ ಕತ್ತರಿಸಿ, ರೇಷ್ಮೆಯ ಕೊಡೆಗೆ ಕಟ್ಟಿದ ಬುಟ್ಟಿಯಲ್ಲಿ ಇಳಿದ. ಕೊಡೆಗೆ ಕಡ್ಡಿಗಳೂ ಇರಲಿಲ್ಲ, ತೂತೂ ಇರಲಿಲ್ಲ. ಕೆಳಗೆ ನೇತಾಡುತ್ತಿದ್ದ ಬುಟ್ಟಿ ಇಳಿಯುವ ಉದ್ದಕ್ಕೂ ಭೀಕರವಾಗಿ ತೂಗಾಡಿತು. ನೆತ್ತಿಯಲ್ಲಿ ಒಂದು ತೂತು ಇಡುವಂತೆ ಖಗೋಳಜ್ಞ ಲಲಾಂದ್ ಸಲಹೆ ಕೊಟ್ಟರೆಂದು ಹೇಳುತ್ತಾರೆ. ಆಮೇಲೆ ಪ್ಯಾರಾಚೂಟುಗಳ ನೆತ್ತಿಯಲ್ಲಿ ತೂತು ಉಳಿದುಕೊಂಡಿತು. ಗಾರ್ನರಾಂನ ಅಣ್ಣನ ಮಗಳು ಎಲಿಜಾ ಮುಂದೆ ಇದನ್ನೇ ವೃತ್ತಿ ಮಾಡಿಕೊಂಡು ಮೂವತ್ತಕ್ಕೂ ಹೆಚ್ಚು ಸಲ ಆಕಾಶದಿಂದ ಇಳಿದಳು. ಈ ಭಾಗವನ್ನು ನಮ್ಮ ಹುಡುಗಿ ಎರಡು ಸಲ ಹೇಳಿಸಿಕೊಂಡಳು.

ಇದನ್ನೇ ಯಾವ ಪ್ಯಾರಿಸ್ಸಿನ ಹಂಗೂ ಇಲ್ಲದೆ ನಮ್ಮ ಊರುಗಳಲ್ಲಿ ಬ್ಯಾನರ್ ಕಟ್ಟುವವರು ಮಾಡುತ್ತಾರೆ. ಜಾತ್ರೆಗೋ ರಾಜ್ಯೋತ್ಸವಕ್ಕೋ ರಸ್ತೆಗೆ ಅಡ್ಡ ಕಟ್ಟಿದ ಬ್ಯಾನರನ್ನು ಗಮನಿಸಿ ನೋಡಿ. ಅಕ್ಷರಗಳ ನಡುವೆ ಅಲ್ಲಲ್ಲಿ ಅರ್ಧಚಂದ್ರಾಕಾರದ ಸೀಳುಗಳಿರುತ್ತವೆ. ಬಂದ ಗಾಳಿಗೆ ಅಷ್ಟು ದಾರಿ ಬಿಡದಿದ್ದರೆ ಬೆಳಗಾಗುವುದರೊಳಗೆ ಹಗ್ಗ ಕಿತ್ತುಕೊಂಡು ಬ್ಯಾನರು ಚರಂಡಿಯಲ್ಲಿರುತ್ತದೆ.

ಇಸ್ರೊ ಕೂಡ ಈ ತೂತನ್ನು ಮರೆತಿಲ್ಲ. 2025ರ ಆಗಸ್ಟ್ 24ರಂದು ಗಗನಯಾನದ ಮಾದರಿ ಕೋಶವನ್ನು, ಐದು ಟನ್ನಿಗೆ ಸ್ವಲ್ಪ ಕಡಿಮೆ ತೂಕದ್ದು, ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿನಲ್ಲಿ ಸುಮಾರು ಮೂರು ಕಿಲೋಮೀಟರ್ ಎತ್ತರಕ್ಕೆ ಒಯ್ದು ಶ್ರೀಹರಿಕೋಟಾ ಬಳಿಯ ಕಡಲಿಗೆ ಬೀಳಿಸಿ ಪರೀಕ್ಷಿಸಿದರು. ಗಗನಯಾನದ ವ್ಯವಸ್ಥೆಯಲ್ಲಿ ಒಟ್ಟು 10 ಪ್ಯಾರಾಚೂಟುಗಳು. ಮುಖ್ಯವಾದ ಮೂರು ಒಂದೊಂದೂ 25 ಮೀಟರ್ ಅಗಲ. ಅವಕ್ಕಿಂತ ಮೊದಲು, ಕೋಶ ಇನ್ನೂ ಭಾರೀ ವೇಗದಲ್ಲಿರುವಾಗಲೇ ಬಿಚ್ಚಿಕೊಳ್ಳುವ ಚಿಕ್ಕವನ್ನು ಇಡೀ ಬಟ್ಟೆಯಿಂದ ಹೊಲಿಯುವುದೇ ಇಲ್ಲ. ಪಟ್ಟಿಪಟ್ಟಿ ಟೇಪುಗಳನ್ನು ಸಂದು ಬಿಟ್ಟು ಜೋಡಿಸಿ ಮಾಡುತ್ತಾರೆ. ಅಲ್ಲಿ ಕೊಡೆಗೆ ತೂತಲ್ಲ, ಕೊಡೆಯೇ ಜಾಲರಿ. ವೇಗ ಹೆಚ್ಚಿದಷ್ಟೂ ಗಾಳಿಯೊಂದಿಗೆ ಹೊಂದಾಣಿಕೆ ಹೆಚ್ಚು ಬೇಕು.

ಗಿಡಗಳಿಗೆ ಇದು ನಮಗಿಂತ ಮೊದಲೇ ಗೊತ್ತು. ಡ್ಯಾಂಡೆಲಿಯನ್ ಬೀಜದ ರೇಷ್ಮೆಜುಟ್ಟಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬರೀ ಸಂದು. ಆ ಸಂದುಗಳಲ್ಲಿ ನುಸುಳಿದ ಗಾಳಿಯೇ ಜುಟ್ಟಿನ ಮೇಲೆ ಉಂಗುರದಂಥ ಸುಳಿಯಾಗಿ ನಿಂತು ಬೀಜವನ್ನು ಅಲುಗದಂತೆ ತೇಲಿಸುತ್ತದೆ ಎಂದು 2018ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ನಮ್ಮ ದಾರಿಬದಿಯ ಎಕ್ಕದ ಕಾಯಿ ಬಿರಿದಾಗ ಹೊರಬೀಳುವ ಬೀಜಕ್ಕೂ ಅಂಥದೇ ಜುಟ್ಟು. ಒಂದನ್ನು ಹಿಡಿದು, ಜುಟ್ಟನ್ನು ಅರ್ಧ ಕಿತ್ತು, ಕಿತ್ತದ್ದನ್ನೂ ಕೀಳದ್ದನ್ನೂ ಜೊತೆಗೆ ಬಿಟ್ಟು ನೋಡಿ. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಆಮೇಲೆ ಕೈ ತೊಳೆಯಿರಿ.

ನಾವೂ ತೂತು ಮಾಡಿದೆವು. ಮೊದಲು ಎರಡು ಸೆಂಟಿಮೀಟರ್ ಅಗಲದ್ದು. ತೂಗಾಟ ಕಡಿಮೆಯಾಯಿತು, ಇಳಿಯುವ ಹೊತ್ತಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ನಾಲ್ಕು ಸೆಂಟಿಮೀಟರಿಗೆ ಹಿಗ್ಗಿಸಿದಾಗ ನಾಣ್ಯದ ಪೊಟ್ಟಣ ಮದುವೆ ಮನೆಯ ಹಿರಿಯರಂತೆ ನೆಟ್ಟಗೆ ಇಳಿದುಬಂತು. ತಮ್ಮ ಅಲ್ಲಿಗೇ ಬಿಡಲಿಲ್ಲ. ‘ಇನ್ನೂ ದೊಡ್ಡದು’ ಎಂದು ಅಂಗೈ ಅಗಲದ ತೂತು ಕತ್ತರಿಸಿದ. ಬೇಗನೇ ಬಿತ್ತು. ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದು, ಪಕ್ಕದಲ್ಲಿ ‘ಇಷ್ಟು ಬೇಡ’ ಎಂದು ಷರಾ ಹಾಕಿದ.

ಹುಡುಗಿ ಆಗಲೇ ಹೊಸ ಕವರು ಕತ್ತರಿಸುತ್ತಿದ್ದಳು. ‘ತೂತು ನಡುವೆ ಇಲ್ದೆ ಒಂದು ಪಕ್ಕಕ್ಕೆ ಇದ್ರೆ ಏನಾಗುತ್ತೆ ಮಾಮ?’ ನನಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ. ತಾರಸಿ ಹತ್ತಿ ಅವಳು ಕೊಟ್ಟದ್ದನ್ನು ಬಿಟ್ಟೆ. ಪಕ್ಕದ ತೂತಿನಿಂದ ಗಾಳಿ ಒಂದೇ ದಿಕ್ಕಿಗೆ ಚಿಮ್ಮಿತು, ಕೊಡೆ ಅದರ ಎದುರು ದಿಕ್ಕಿಗೆ ಸರಿಯಿತು, ಕಾಂಪೌಂಡು ದಾಟಿತು, ಪಕ್ಕದ ಮನೆಯವರ ನುಗ್ಗೆಮರದಲ್ಲಿ ಸಿಕ್ಕಿಕೊಂಡಿತು.

ಮೂವತ್ತು ರೂಪಾಯಿ ಇನ್ನೂ ಅಲ್ಲೇ ನೇತಾಡುತ್ತಿದೆ. ಹುಡುಗಿಗೆ ಅದರ ಚಿಂತೆ ಇಲ್ಲ. ತೂತು ಯಾವ ಕಡೆಗಿದ್ದರೆ ಕೊಡೆ ನಮ್ಮ ಅಂಗಳಕ್ಕೇ ತಿರುಗೀತು ಎಂದು ಚಿತ್ರ ಬರೆಯುತ್ತಿದ್ದಾಳೆ.